ಕಾಕಾ ಒಯ್ದ ಸಾವಿರದಿನ್ನೂರು ಫೈಲುಗಳು

ನಮ್ಮ ಕಾಕಾ ತಮ್ಮ ಆಯುಷ್ಯದಲ್ಲಿ ಯಾರಿಗೂ ಏನನ್ನೂ ಕೊಟ್ಟವರಲ್ಲ!

ಹೀಗೆಂದ ಕೂಡಲೇ ಅವರನ್ನು ಜಿಪುಣರ ಸಾಲಿನಲ್ಲಿ ಕೂರಿಸಿಬಿಡಬೇಡಿ. ಮನೆಯಲ್ಲಿದ್ದ ಯಾವ ವಸ್ತುವನ್ನು ಯಾರು ಕೇಳಿದರೂ ಇಲ್ಲವೆಂದವರೂ ಅವರಲ್ಲ. ಆದರೆ ಅವರ ಪ್ರಕಾರ ಈ ಜಗತ್ತಿನಲ್ಲಿ ಕೊಡುವುದು ಎಂಬ ವ್ಯವಹಾರವೇ ಇಲ್ಲ. ಒಬ್ಬರು ಒಯ್ಯುತ್ತಾರೆ, ಆಮೇಲೆ ತಂದಿಡುತ್ತಾರೆ. ನಡುವೆ ಒಂದು ಸಹಿ ಇರಬೇಕು, ಅಷ್ಟೇ.

ಆ ಸಹಿಗಾಗಿ ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲ ಪಕ್ಕದ ಗೂಟಕ್ಕೆ, ಒಂದು ಉದ್ದನೆಯ ಪುಸ್ತಕ ತೂಗುತ್ತಿತ್ತು. ದಾರ ಕಟ್ಟಿದ ಪೆನ್ನು ಅದರ ಜೊತೆಗೆ. ಒಳಗೆ ಕಾಕಾ ತಾವೇ ಅಡ್ಡ ಉದ್ದ ಗೀಟು ಹಾಕಿ ಮನೆಗಳನ್ನು ಮಾಡಿದ್ದರು: ವಸ್ತು ಯಾವುದು, ಒಯ್ದವರು ಯಾರು, ಒಯ್ಯುವಾಗ ಹೇಗಿತ್ತು, ಎಂದು ತರುತ್ತಾರೆ, ಷರಾ, ಸಹಿ. ಇದರಲ್ಲಿ "ಎಂದು ತರುತ್ತಾರೆ" ಎಂಬ ಮನೆ ಬಲು ಕಟ್ಟುನಿಟ್ಟು. ಅಲ್ಲಿ ತಾರೀಖೇ ಬೀಳಬೇಕು. ಒಮ್ಮೆ ಓಣಿಯ ಹಿರಿಯರೊಬ್ಬರು ನಮ್ಮ ನಿಚ್ಚಣಿಕೆ ಒಯ್ಯಲು ಬಂದು, "ಆಮ್ಯಾಲೆ ತಂದ ಕೊಡತೇನಿ ಬಿಡೋ" ಅಂದರು.

"ಆಮ್ಯಾಲೆ ಅನ್ನೂದು ಯಾವ ವಾರದಾಗ ಬರತದ್ರಿ?" ಎಂದು ಕಾಕಾ ಕೇಳಿದರು. ಹಿರಿಯರು ತಾರೀಖು ಬರೆದೇ ನಿಚ್ಚಣಿಕೆ ಎತ್ತಿದರು.

ಪಕ್ಕದ ಮನೆಯ ಅತ್ತಿ ಹೆಪ್ಪು ಕೇಳಲು ಬಂದ ದಿನವಂತೂ ನಮ್ಮ ಅವ್ವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ಕಾಕಾ ಅದನ್ನೂ ಬರೆದುಕೊಂಡರು: "ಹೆಪ್ಪು, ಒಂದು ಚಮಚ. ಒಯ್ಯುವಾಗ ಹೇಗಿತ್ತು: ಹುಳಿ." ಮರುದಿನ ಆ ಅತ್ತಿ ಬಟ್ಟಲು ತಿರುಗಿ ತಂದರು. ಬರಿ ಬಟ್ಟಲು ಯಾರಾದರೂ ತರುತ್ತಾರೆಯೇ? ತುಂಬ ಕೆನೆಮೊಸರು ಹಾಕಿಕೊಂಡೇ ಬಂದರು. ಕಾಕಾಗೆ ಪೇಚಾಟ ಶುರುವಾಯಿತು. ಹೋದದ್ದು ಒಂದು ಚಮಚ, ಬಂದದ್ದು ಒಂದು ಬಟ್ಟಲು! "ಒಂದು ಚಮಚ ನಮ್ಮದು ಬಂತು, ಉಳಿದದ್ದು ಅವರದು ನಮ್ಮಲ್ಲಿ ಅದೆ" ಎಂದು ಬರೆದು, ಆ ಮೊಸರನ್ನು ಯಾರೂ ಮುಟ್ಟಕೂಡದೆಂದು ಅಪ್ಪಣೆ ಮಾಡಿದರು. ಎರಡು ದಿನ ಅದು ನಮ್ಮ ಅಡುಗೆಮನೆಯಲ್ಲಿ ಪರರ ಸ್ವತ್ತಾಗಿ ಕೂತಿತ್ತು. ಮೂರನೆಯ ದಿನ ಅವ್ವ ಕಾಕಾನ ಕಣ್ಣು ತಪ್ಪಿಸಿ ಮಜ್ಜಿಗೆ ಮಾಡಿದಳು.

ಕಾಕಾ ಲಗ್ನವಾಗಲಿಲ್ಲ. ಯಾಕೆಂದು ಕೇಳಿದರೆ ಅವ್ವ, "ಹೆಣ್ಣ ನೋಡಾಕ ಹೋದಲ್ಲಿ ಅವಲಕ್ಕಿ ತಿಂದ ಬಸಿ ವಾಪಸ್ ಕೊಟ್ಟಿದ್ದಕ್ಕ ಸಹಿ ಕೇಳಿರಬೇಕು, ಯಾರ ಕೊಡತಾರ ಹೆಣ್ಣು?" ಅನ್ನುತ್ತಿದ್ದಳು. ನನ್ನ ಅಪ್ಪನ ತಮ್ಮನಾದ್ದರಿಂದ ನಮ್ಮ ಜೊತೆಗೇ ಇದ್ದರು. ಅಣ್ಣನ ಮಗಳಾದ ನನ್ನನ್ನು ಅಕ್ಕರೆಯಿಂದ ತಂಗಿ ಎಂದೇ ಕರೆಯುತ್ತಿದ್ದರು. ನನಗೆ ಅಕ್ಷರ ಕಲಿಸಿದವರು, ಸ್ಕೇಲು ಹಿಡಿದು ನೆಟ್ಟಗೆ ಗೀಟು ಎಳೆಯಲು ಕಲಿಸಿದವರು ಅವರೇ. ಆ ಸ್ಕೇಲಿಗೂ ನಾನು ಸಹಿ ಮಾಡುತ್ತಿದ್ದೆ!

ಈ ರೋಗ ಅವರಿಗೆ ಅಂಟಿದ್ದು ಕೆಲಸದಿಂದ. ಊರ ಹೊರಗಿನ ಒಂದು ವರ್ಕ್‌ಶಾಪಿನಲ್ಲಿ ಅವರು ಡ್ರಾಯಿಂಗ್ ಕೋಲಿಯ, ಎಂದರೆ ಯಂತ್ರದ ನಕ್ಷೆಗಳನ್ನಿಡುವ ಕೋಣೆಯ, ಉಸ್ತುವಾರಿ. ಅಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಬೇಕಾದ ಗಿಯರು, ಪಿನಿಯನ್ನು, ರೋಲರುಗಳ ಬಿಡಿಭಾಗ ತಯಾರಾಗುತ್ತಿದ್ದವು. ಪ್ರತಿಯೊಂದಕ್ಕೂ ಒಂದು ಡ್ರಾಯಿಂಗ್. ಅಂಥವು ಸಾವಿರದ ಮೇಲೆ. ಎಲ್ಲ ಸುರುಳಿ ಸುತ್ತಿ ಕಟ್ಟಿಗೆಯ ಗೂಡುಗಳಲ್ಲಿ ಇಟ್ಟಿರುತ್ತಿದ್ದರು. ಕೆಲಸಗಾರ ಒಂದು ಡ್ರಾಯಿಂಗ್ ಒಯ್ದರೆ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಆ ಗೂಡಿಗೆ ತೂಗುಹಾಕಬೇಕು. ಬಿಲ್ಲೆ ನೋಡಿದರೆ ಸಾಕು, ಯಾವ ಡ್ರಾಯಿಂಗ್ ಯಾರ ಹತ್ತಿರ ಇದೆ ಎಂದು ಗೊತ್ತಾಗುತ್ತಿತ್ತು. ಅದು ತಿರುಗಿ ಬರುವ ತನಕ ಮತ್ತೊಬ್ಬರು ಅದರಲ್ಲಿ ಏನೂ ತಿದ್ದುವಂತಿಲ್ಲ. "ಒಂದ ಕೆಲಸಕ್ಕ ಎರಡ ಡ್ರಾಯಿಂಗ್ ಅದಾವ ಅಂದ್ರ ಒಂದೂ ಇಲ್ಲ ಅಂತನ ತಿಳೀರಿ" ಎನ್ನುವುದು ಕಾಕಾನ ಮಾತು. ಈ ಮಾತನ್ನು ನಾನು ಊಟಕ್ಕೆ ಕೂತಾಗ, ಜಳಕಕ್ಕೆ ಹೊರಟಾಗ, ಪರೀಕ್ಷೆಗೆ ಓದುವಾಗ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು.

ತೊಂಬತ್ತರ ದಶಕದಲ್ಲಿ ನಡೆದ ರಾಮದುರ್ಗದ ಪ್ರಸಂಗವನ್ನು ಅವರೇ ನನಗೆ ಹೇಳಿದ್ದು. ಒಬ್ಬ ಫಿಟ್ಟರ್ ರಾಮದುರ್ಗದ ಕಡೆ ಯಂತ್ರ ಕೂರಿಸಲು ಹೋದವನು ಡ್ರಾಯಿಂಗನ್ನು ತನ್ನ ಅಲ್ಲಿಯ ಮನೆಯಲ್ಲೇ ಬಿಟ್ಟು ಬಂದ. ಇವತ್ತು ತರತೇನಿ, ನಾಳೆ ತರತೇನಿ ಎಂದು ವಾರ ದಾಟಿಸಿದ. ಕಾಕಾ ರಜೆ ಹಾಕಿ ಸವದತ್ತಿ ಮೇಲೆ ಹಾಯ್ದು ಬಸ್ಸಿನಲ್ಲಿ ರಾಮದುರ್ಗಕ್ಕೆ ಹೋದರು. ಫಿಟ್ಟರನ ಹೆಂಡತಿ, ದೂರದಿಂದ ಬಂದಾರ ಎಂದು ರೊಟ್ಟಿ, ಎಣ್ಣಿಗಾಯಿ ಪಲ್ಲೆ ಬಡಿಸಿದಳು. ಕಾಕಾ ಉಂಡು, ಕೈ ತೊಳೆದು, ಚೆನ್ನಾಗಿತ್ತೆಂದು ಹೇಳಿ, ಆಮೇಲೆ ಎದ್ದು ಹೋಗಿ ಉಪ್ಪಿನಕಾಯಿ ಭರಣಿ ಎತ್ತಿದರು. ಅದರ ಕೆಳಗೆ ಹಲಗೆಗೆ ಹಾಸಿದ್ದೇ ನಮ್ಮ ಡ್ರಾಯಿಂಗ್!

"ಭರಣಿ ಕೆಳಗ ಐತಿ ಅಂತ ನಿಮಗ ಹ್ಯಾಂಗ ಗೊತ್ತಾತ್ರಿ ಅಣ್ಣಾರ?" ಎಂದು ಆಕೆ ಗಾಬರಿಯಿಂದ ಕೇಳಿದಳಂತೆ.

"ಉಣ್ಣುವಾಗ ಕಾಣತಿತ್ರಿ. ಉಂಡ ಮ್ಯಾಲೆ ತಗದ್ರ ಚಲೋ ಅಂತ ಸುಮ್ಮನಿದ್ದೆ" ಅಂದರಂತೆ ಕಾಕಾ. ರಜಿಸ್ಟರಿನಲ್ಲಿ ಬರೆದರು: "ವಾಪಸ್ ಬಂತು. ಎಣ್ಣೆ ಕಲೆ ಸಹಿತ."

ಇಂಥ ಮನುಷ್ಯನ ಕೋಲಿಗೆ ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ನಾನು ಬಂದೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಅದೇ ವರ್ಕ್‌ಶಾಪಿನ ಡಿಸೈನ್ ವಿಭಾಗಕ್ಕೆ ಸೇರಿಕೊಂಡಿದ್ದೆ. ಹಳೆಯ ಕಾಗದದ ಡ್ರಾಯಿಂಗುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹೊಸದಾಗಿ ತೆಗೆಯುವ ಕೆಲಸ ನನ್ನ ಪಾಲಿಗೆ. ಎರಡು ವರ್ಷ ಕಣ್ಣು ಕಿತ್ತು ಬರುವ ಹಾಗೆ ಕೂತು ತೆಗೆದೆ. ಅವನ್ನೆಲ್ಲ ಇಡಲು ಮಾಲಕರು ಪುಣೆಯಿಂದ ಒಂದು ಸಾಫ್ಟ್‌ವೇರ್ ತರಿಸಿದರು. ಅದೊಂದು ತಿಜೋರಿ. ಡ್ರಾಯಿಂಗ್ ತಿದ್ದಬೇಕೆನ್ನುವವರು ಮೊದಲು ಅದರೊಳಗಿಂದ ಫೈಲನ್ನು ಚೆಕ್‌ಔಟ್ ಮಾಡಿ ಒಯ್ಯಬೇಕು. ಒಯ್ದಾಗ ಫೈಲಿನ ಮುಂದೆ ಒಂದು ಕೆಂಪು ಬೀಗ ಮೂಡುತ್ತದೆ, ಪಕ್ಕದಲ್ಲಿ ಒಯ್ದವರ ಹೆಸರು. ತಿದ್ದಿ ಮತ್ತೆ ಒಳಗಿಡುವ ತನಕ ಉಳಿದವರು ಅದನ್ನು ನೋಡಬಹುದು, ತಿದ್ದುವ ಹಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ಕಾಗದದ ಕೋಲಿ ಯಾಕೆ ಬೇಕು, ಅದನ್ನು ಕಾಯುವವರು ಯಾಕೆ ಬೇಕು? ಮಾಲಕರು ಸಂಕೋಚದ ಮನುಷ್ಯ. ಕಾಕಾನಿಗೆ ನೇರವಾಗಿ ಹೇಳಲಾರದೆ ನನ್ನನ್ನು ಕರೆದು ಹೇಳಿದರು: "ದಸರಾ ತನಕ ನೋಡೂಣವ್ವಾ. ಆಮ್ಯಾಲೆ ಆ ಕೋಲಿ ತಗದು ಅಲ್ಲಿ ಸಾಮಾನ ಇಡಸ್ತೇನಿ. ನಿಮ್ಮ ಕಾಕಾಗ ವಿಶ್ರಾಂತಿ ಕೊಡೂಣು. ನೀನ ಹೇಳು, ನಿನ್ನ ಮಾತ ಕೇಳತಾರ."

ಇದಕ್ಕಿಂತ ನನ್ನ ಕೈಗೆ ಕೊಡಲಿ ಕೊಟ್ಟಿದ್ದರೆ ವಾಸಿಯಿತ್ತು. ಇಪ್ಪತ್ತೇಳು ವರ್ಷ ಆ ಕೋಲಿಯಲ್ಲಿ ಕೂತ ಮನುಷ್ಯನನ್ನು, ಅವರೇ ಗೀಟು ಎಳೆಯಲು ಕಲಿಸಿದ ನಾನು ಎಬ್ಬಿಸಬೇಕು! ಹೇಳಲಿಲ್ಲ. ಆದರೆ ಗೋಡೆಗೂ ಕಿವಿ ಇರುತ್ತದಲ್ಲ, ಯಾರೋ ಹೇಳಿದರು. ಕಾಕಾ ಅವತ್ತು ಸಂಜೆ ಮನೆಯಲ್ಲಿ ಎರಡು ರೊಟ್ಟಿ ಕಡಿಮೆ ಉಂಡರು. ಮರುದಿನ ಮುಂಜಾನೆ ನನ್ನ ಕಂಪ್ಯೂಟರಿನ ಮುಂದೆ ಬಂದು ನಿಂತರು.

"ತಂಗೀ, ಇದರಾಗ ಬಿಲ್ಲಿ ಎಲ್ಲಿ ಹಾಕೂದು?"

ಕೆಂಪು ಬೀಗ ತೋರಿಸಿದೆ, ಪಕ್ಕದ ಹೆಸರು ತೋರಿಸಿದೆ. ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಒಬ್ರು ಒಯ್ದ್ರ ಇನ್ನೊಬ್ರಿಗೆ ಸಿಗೂದಿಲ್ಲ?"

"ನೋಡಾಕ ಸಿಗತದ್ರಿ. ತಿದ್ದಾಕ ಇಲ್ಲ."

"ಹಂಗಾರ ಇದು ನಮ್ಮ ಕೋಲೀನ ಅಲ್ಲೇನು! ಇದನ್ನ ಮಾಡಿದಾವ ಶಾಣ್ಯಾ ಅದಾನ" ಎಂದು ಪುಣೆಯವರಿಗೆ ಸರ್ಟಿಫಿಕೇಟು ಕೊಟ್ಟು, ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಒಂದೇ ಬೆರಳಿನಲ್ಲಿ ಕೀಲಿಗಳನ್ನು ಹುಡುಕಿ ಹುಡುಕಿ ಒತ್ತುತ್ತ, ತಿಂಗಳೊಳಗೆ ಫೈಲು ಒಯ್ಯುವುದು, ಅಂಕಿ ತಿದ್ದುವುದು, ಒಳಗಿಡುವುದು ಮೂರನ್ನೂ ಕಲಿತರು. ಮಾಲಕರು ಕನಿಕರಪಟ್ಟು ಅವರಿಗೂ ಒಂದು ಹಳೆಯ ಕಂಪ್ಯೂಟರ್ ಕೊಟ್ಟರು. ದಸರೆ ತನಕ ಹೇಗೂ ಇರುತ್ತಾರಲ್ಲ, ಆಟ ಆಡಲಿ ಎಂದು.

ದಸರೆಯೂ ಬಂತು. ನಮ್ಮ ಕಡೆ ಖಂಡೆ ಪೂಜೆಯೆಂದರೆ ಸಣ್ಣ ಮಾತಲ್ಲ. ವರ್ಕ್‌ಶಾಪಿನ ಸುತ್ತಿಗೆ, ಸ್ಪ್ಯಾನರು, ಗೇಜುಗಳನ್ನೆಲ್ಲ ಪೆಟ್ಟಿಗೆಯಿಂದ ಹೊರತೆಗೆದು, ಎಣ್ಣೆ ಜಿಡ್ಡು ಹೋಗುವ ಹಾಗೆ ತಿಕ್ಕಿ ತೊಳೆದು, ಕಂಬಳಿ ಹಾಸಿ ಸಾಲಾಗಿ ಇಡುತ್ತಾರೆ. ಒಮ್ಮೆ ಪೂಜೆಗೆ ಇಟ್ಟ ಹತಾರವನ್ನು ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ. ಆಮೇಲೆ ಇಟ್ಟವರೇ ಎತ್ತಬೇಕು. ಹಬ್ಬಕ್ಕೆ ಎರಡು ವಾರ ಮೊದಲಿನಿಂದ ಕಾಕಾ ಊಟದ ಗಂಟೆಯಲ್ಲೂ ಕಂಪ್ಯೂಟರ್ ಬಿಟ್ಟು ಏಳಲಿಲ್ಲ. ತೊಡೆಯ ಮೇಲೆ ಕಾಗದದ ಡ್ರಾಯಿಂಗ್, ಮುಂದೆ ಪರದೆ, ತಮ್ಮಷ್ಟಕ್ಕೆ ಏನೋ ಗೊಣಗಾಟ. ಆಟ ರುಚಿ ಹತ್ತಿದೆ ಅಂದುಕೊಂಡೆ. ಪೂಜೆಯ ದಿನ ಅವರ ಕಂಪ್ಯೂಟರಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಮರುದಿನ ಬನ್ನಿ ಹಂಚಿ, "ಬಂಗಾರದ್ಹಂಗ ಇರೂಣು" ಎಂದು ಎಲ್ಲರಿಗೂ ಹೇಳಿ, ವರ್ಷದ ಪದ್ಧತಿಯಂತೆ ಎರಡು ದಿನಕ್ಕೆಂದು ಸಿರಸಂಗಿಯ ಕಾಳಿಕಾ ದೇವಿಯ ದರ್ಶನಕ್ಕೆ ಬಸ್ ಹತ್ತಿದರು.

ಅದರ ಮರುದಿನ ಮುಂಜಾನೆ ವರ್ಕ್‌ಶಾಪ್ ತೆರೆಯುತ್ತಲೇ ಒಂದು ಸಕ್ಕರೆ ಕಾರ್ಖಾನೆಯ ಇಂಜಿನಿಯರ್ ಜೀಪಿನಲ್ಲಿ ಬಂದಿಳಿದರು. ಅವರ ಗಾಣದ ಪಿನಿಯನ್ನಿನ, ಎಂದರೆ ಸಣ್ಣ ಹಲ್ಲುಗಾಲಿಯ, ಹಲ್ಲು ಮುರಿದಿತ್ತು. ಮರುದಿನವೇ ಬಾಯ್ಲರಿಗೆ ಬೆಂಕಿ ಹಾಕುವ ಮುಹೂರ್ತ. "ಹಿಂದ ನೀವ ಮಾಡಿಕೊಟ್ಟಿದ್ರಲ್ಲ, ಅಂಥಾದ್ದ ಇನ್ನೊಂದು. ಕೀಲಿ ಕೂಡೂ ಕಚ್ಚು ಅಷ್ಟ ಸ್ವಲ್ಪ ಅಗಲ ಮಾಡ್ರಿ. ಸಂಜಿತನಕ ಇಲ್ಲೇ ಕುಂದರತೇನಿ" ಎಂದು ಮಾಲಕರ ಕೋಲಿಯಲ್ಲಿ ಪಟ್ಟಾಗಿ ಕೂತರು. ಡ್ರಾಯಿಂಗಿನಲ್ಲಿ ಒಂದು ಅಂಕಿ ತಿದ್ದಬೇಕು, ಪ್ರಿಂಟ್ ತೆಗೆದು ಲೇಥಿಗೆ ಕೊಡಬೇಕು. ಐದು ನಿಮಿಷದ ಕೆಲಸ!

ನಾನು ಫೈಲು ಒಯ್ಯಲು ಹೋದೆ. ಬೇರೊಬ್ಬರು ಒಯ್ದಿದ್ದಾರೆ ಅಂದಿತು. ಯಾರು? ನಮ್ಮ ಕಾಕಾ. ಇರಲಿ ಎಂದು ಅದರ ಜೋಡಿ ಗಿಯರಿನ ಫೈಲು ನೋಡಿದೆ. ಅದನ್ನೂ ಕಾಕಾ ಒಯ್ದಿದ್ದರು. ಮೇಲಿಂದ ಕೆಳಗೆ ಪಟ್ಟಿ ಎಳೆದೆ. ಸಾವಿರದಿನ್ನೂರು ಫೈಲು, ಸಾವಿರದಿನ್ನೂರು ಕೆಂಪು ಬೀಗ, ಪ್ರತಿಯೊಂದರ ಮುಂದೆ ನಮ್ಮ ಕಾಕಾನ ಹೆಸರು! ತಿಜೋರಿ ಬಾಗಿಲು ತೆರೆದಂತೆಯೇ ಇದೆ, ಒಳಗಿನದೆಲ್ಲ ಸಿರಸಂಗಿಗೆ ಹೋಗಿದೆ.

ಮೊದಲು ಎಲ್ಲರೂ ಮಾಡುವುದನ್ನು ಮಾಡಿದೆ. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ. ಬೀಗಗಳು ಇನ್ನಷ್ಟು ಕೆಂಪಗೆ ಕಂಡವು. ಪುಣೆಗೆ ಫೋನ್ ಹಚ್ಚಿದೆ. ಅಲ್ಲಿದ್ದ ಹುಬ್ಬಳ್ಳಿ ಕಡೆಯ ಇಂಜಿನಿಯರ್ ಸಮಾಧಾನದ ಮನುಷ್ಯ.

"ಮೇಡಂ, ಮುಖ್ಯ ಪಾಸ್‌ವರ್ಡ್ ನಿಮ್ಮ ಹಂತ್ಯಾಕ ಅದಲ್ಲ? ಬೀಗ ಒತ್ತಾಯದಿಂದ ಬಿಡಸಬಹುದು. ಆದ್ರ ಒಂದ ಮಾತು. ಒಯ್ದವರು ತಮ್ಮ ಕಂಪ್ಯೂಟರಿನ್ಯಾಗ ಏನರ ತಿದ್ದಿದ್ರ ಅದು ಹೋಗತದ. ತಿಜೋರಿಯೊಳಗಿನ ಹಳೇದ ಉಳೀತದ. ಮೊದಲ ಅವರ ಕಂಪ್ಯೂಟರ್ ತಗದು, ಫೈಲಿನ ತಾರೀಖ ನೋಡ್ರಿ. ಹೊಸಾದಿದ್ರ ಕೈ ಹಚ್ಚಬ್ಯಾಡ್ರಿ."

ಕಾಕಾನ ಕಂಪ್ಯೂಟರಿಗೆ ಪಾಸ್‌ವರ್ಡ್ ಇತ್ತು. ಅದು ಕಾಕಾನ ತಲೆಯಲ್ಲಿತ್ತು. ಕಾಗದದ ಕೋಲಿಗೆ ಕೀಲಿ ಇತ್ತು. ಅದು ಕಾಕಾನ ಉಡದಾರದಲ್ಲಿತ್ತು. ಫೋನಿನಲ್ಲಿ ಹಿಡಿಯೋಣವೆಂದರೆ ಕಾಕಾನ ಬಳಿ ಫೋನೇ ಇರಲಿಲ್ಲ.

ಮಾಲಕರು ಬಂದರು. "ಏನವ್ವಾ ಇದು? ವರ್ಕ್‌ಶಾಪಿನ ಡ್ರಾಯಿಂಗ್ ಎಲ್ಲಾ ಹೊತ್ಗೊಂಡ ದೇವಿ ದರ್ಶನಕ್ಕ ಹೋಗ್ಯಾರೇನು ನಿಮ್ಮ ಕಾಕಾ? ಇದಕ್ಕ ನಾ ವಿಶ್ರಾಂತಿ ಕೊಡೂಣು ಅಂದಿದ್ದು. ಬೀಗ ಒಡಿ."

"ಅವರು ಏನರ ತಿದ್ದಿದ್ರ ಹೋಗತದ್ರಿ ಸಾಹೇಬ್ರ."

"ಅವರೇನ ತಿದ್ದತಾರವ್ವಾ, ಒಂದ ಬೆರಳಿನಾಗ? ಅಷ್ಟ ಹೆದರಿಕಿ ಇದ್ರ ಬ್ಯಾರೆ ಹೆಸರಿನ್ಯಾಗ ಒಂದ ನಕಲ ಮಾಡ್ಕೊಂಡು ತಿದ್ದು."

ಒಂದು ಕೆಲಸಕ್ಕೆ ಎರಡು ಡ್ರಾಯಿಂಗ್! ಯಾವ ಮಾತು ಕೇಳಿ ಕಿವಿ ತೂತು ಬಿದ್ದಿತ್ತೋ ಅದೇ ಮಾತು ಈಗ ನನ್ನ ಕೈ ಹಿಡಿಯಿತು. ಬೆರಳು ಗುಂಡಿಯ ಮೇಲಿದೆ, ಒತ್ತಿದರೆ ಬೀಗ ಬಿಡುತ್ತದೆ, ಕೆಲಸ ನಡೆಯುತ್ತದೆ. ಆದರೆ ಎರಡು ವಾರ ಊಟ ಬಿಟ್ಟು ಆ ಮನುಷ್ಯ ಗೊಣಗಿದ್ದೇನು? ಕಾರಣವಿಲ್ಲದೆ ಒಂದು ಪಿನ್ನನ್ನೂ ಎತ್ತದವರು ಸಾವಿರದಿನ್ನೂರು ಫೈಲು ಯಾಕೆ ಎತ್ತಿದರು? ನನ್ನ ಧೈರ್ಯಕ್ಕೆ ನನಗೇ ಆಶ್ಚರ್ಯ. "ನಮ್ಮ ಜೀಪ್ ಕೊಡ್ರಿ ಸಾಹೇಬ್ರ. ಮಧ್ಯಾಹ್ನದೊಳಗ ಕರಕೊಂಡ ಬರತೇನಿ. ಬರಲಿಲ್ಲ ಅಂದ್ರ ಬೀಗ ಒಡದು, ನಾನೂ ಅವರ ಜೋಡಿ ಮನೀಗೆ ಹೋಗತೇನಿ" ಅಂದೆ. ಮಾಲಕರು ನನ್ನ ಮುಖ ನೋಡಿದರು, ಗಡಿಯಾರ ನೋಡಿದರು, ಡ್ರೈವರನನ್ನು ಕರೆದರು.

ಸವದತ್ತಿ ದಾಟಿ ಸಿರಸಂಗಿ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರುತ್ತಿತ್ತು. ಗುಡಿಯೊಳಗೆ ಕಾಕಾ ಇರಲಿಲ್ಲ. ಪ್ರಸಾದದ ಸಾಲಿನಲ್ಲೂ ಇಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಜನ ಮುತ್ತಿದ್ದರು, ಏನೆಂದು ಇಣುಕಿ ನೋಡಿದರೆ ನಡುವೆ ಕಾಕಾ! ಅವರ ಹಿಂದೆ ಜೋಡಿ ಜೋಡಿಯಾಗಿ ಸಾಲು ಹಚ್ಚಿದ ಚಪ್ಪಲಿಗಳು, ಪ್ರತಿ ಜೋಡಿಯ ಮೇಲೆ ನಂಬರಿನ ಚೀಟಿ, ಅದೇ ನಂಬರಿನ ಇನ್ನೊಂದು ಚೀಟಿ ಭಕ್ತರ ಕೈಗೆ. ಮುಂಜಾನೆ ಯಾರೋ ತಮ್ಮ ಚಪ್ಪಲಿ ಬದಲಾಯಿತೆಂದು ಕೂಗಾಡಿದರಂತೆ. ಅಷ್ಟೇ ಸಾಕಾಯಿತು ಇವರಿಗೆ.

"ಕಾಕಾ, ಏಳ್ರಿ. ಫೈಲ ಎಲ್ಲಾ ನಿಮ್ಮ ಹೆಸರಿನ್ಯಾಗ ಅದಾವ. ಕೆಲಸ ನಿಂತೈತಿ. ಮಾಲಕರು ಸಿಟ್ಟಾಗ್ಯಾರ."

"ಇನ್ನಾ ಒಂಬತ್ತ ಜೋಡಿ ಅದಾವ ತಂಗಿ. ಬಿಟ್ಟವ್ರು ಒಳಗದಾರ. ನಾ ಹ್ಯಾಂಗ ಬರಲಿ?"

"ನಿಮ್ಮ ಕೆಲಸ ಹೋಗತದ್ರಿ ಕಾಕಾ!"

"ಕೆಲಸ ಹೋದ್ರ ನನ್ನದು ಒಂದ ಹೋಗತದ. ಚಪ್ಪಲಿ ಹೋದ್ರ ಒಂಬತ್ತ ಮಂದೀವು" ಅಂದರು, ಒಂದಿಷ್ಟೂ ಅಲುಗದೆ.

ಏನು ಮಾಡಲಿ? ನಾನೂ ಡ್ರೈವರನೂ ಚೀಟಿ ಹಿಡಿದು ಗುಡಿಯೊಳಗೆ ಹೊಕ್ಕು, ಇಪ್ಪತ್ತಮೂರು ಯಾರು, ಮೂವತ್ತೊಂದು ಯಾರು ಎಂದು ಕೂಗಿ ಕೂಗಿ ಭಕ್ತರನ್ನು ಹೊರಗೆ ತಂದೆವು. ಎಂಟು ಜೋಡಿ ಮುಗಿಯಿತು. ಒಂಬತ್ತನೆಯದು ಚಚಡಿಯಿಂದ ಬಂದ ಒಬ್ಬ ಅಜ್ಜಿಯದು. ಆಕೆ ನೂರೆಂಟು ಪ್ರದಕ್ಷಿಣೆ ಹರಕೆ ಹೊತ್ತಿದ್ದಳು. ಅರವತ್ತನೆಯದರಲ್ಲಿದ್ದಳು! ಡ್ರೈವರ್ ತಲೆಯ ಮೇಲೆ ಕೈಹೊತ್ತು ಕೂತ. ನಾನು ಅಜ್ಜಿಯ ಹಿಂದೆ ಸುತ್ತುತ್ತ ಸಂಕಟ ತೋಡಿಕೊಂಡೆ. ಆಕೆ ನಿಲ್ಲದೆಯೇ ಹೇಳಿದಳು: "ಬರಿಗಾಲಲೇ ಬಂದಿನ್ಯವ್ವಾ ಹರಕಿ ಅಂತ. ಆ ಚಪ್ಪಲಿ ನನ್ನ ಮೊಮ್ಮಗಳವು. ಆಕಿ ಅಲ್ಲೇ ಅದಾಳ ನೋಡು, ಬತಾಸ ಅಂಗಡ್ಯಾಗ."

ಜೀಪಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, ಎಲ್ಲ ಫೈಲು ಯಾಕೆ ಒಯ್ದಿರಿ ಎಂದು.

ಕಾಕಾ ನನ್ನನ್ನೇ ದಡ್ಡಿಯ ಹಾಗೆ ನೋಡಿದರು. "ಖಂಡೆ ಪೂಜಾಕ ಹತಾರ ಪೆಟಗ್ಯಾಗ ಇಟ್ಟ ಪೂಜಾ ಮಾಡತಾರೇನು? ಹೊರಗ ತಗೀಬೇಕಲ್ಲ? ತಗದು ತೊಳೀಬೇಕಲ್ಲ? ನಾಳೆ ಬಂದು ನಾನ ಎತ್ತಿ ಒಳಗಿಡಾವಿದ್ದೆ."

ಫೈಲನ್ನು ಹೇಗೆ ತೊಳೆದರು? ಪ್ರತಿಯೊಂದನ್ನೂ ಕಾಗದದ ಡ್ರಾಯಿಂಗಿನ ಪಕ್ಕ ಇಟ್ಟು, ಗೀಟಿಗೆ ಗೀಟು, ಅಂಕಿಗೆ ಅಂಕಿ ತಾಳೆ ನೋಡಿದ್ದರು. ಎಷ್ಟರಲ್ಲಿ ಜಿಡ್ಡು ಸಿಕ್ಕಿತು? ನಲವತ್ತೊಂದರಲ್ಲಿ. ಆ ಸಾವಿರದಿನ್ನೂರನ್ನೂ ಕಂಪ್ಯೂಟರಿನಲ್ಲಿ ತೆಗೆದವಳು ನಾನಲ್ಲವೇ?

"ಆ ಪಿನಿಯನ್ನಿಂದೂ ಇತ್ತೇನ್ರಿ ಕಾಕಾ?"

"ಇತ್ತು. ನೀ ನಡುವಿನ ತೂತು ತೊಂಬತ್ತ ಮಿಲಿಮೀಟರ್ ಅಂತ ತಗದಿ. ಮೊದಲ ತೊಂಬತ್ತ ಇತ್ತು, ಖರೆ. ಆದ್ರ ಆ ಕಾರ್ಖಾನಿ ಶಾಫ್ಟ್ ಸವದು, ಲೇಥಿಗೆ ಹಾಕಿ ಸಣ್ಣ ಮಾಡ್ಯಾರ. ಎಂಬತ್ತೆಂಟು. ನಾನ ಪೆನ್ಸಿಲಿಲೆ ಬರದಿದ್ದೆ. ಅದು ಧೂಳಿನ್ಯಾಗ ಮಾಸಿತ್ತು. ನಿನಗ ಕಲಿ ಅನ್ಸಿರಬೇಕು."

ಅನ್ನಿಸಿತ್ತು. ನನಗೆ ಚೆನ್ನಾಗಿ ನೆನಪಿದೆ. ಹಳೆಯ ಕಾಗದ, ಏನೋ ಕಲೆ ಎಂದು ಬಿಟ್ಟುಬಿಟ್ಟಿದ್ದೆ. ಅವತ್ತು ಮುಂಜಾನೆ ನಾನು ಆ ಗುಂಡಿ ಒತ್ತಿದ್ದರೆ, ಎಂಬತ್ತೆಂಟರ ಶಾಫ್ಟಿಗೆ ತೊಂಬತ್ತರ ಪಿನಿಯನ್ ತಯಾರಾಗಿ, ಮುಹೂರ್ತದ ಹೊತ್ತಿಗೆ ಅದು ಬಳೆಯ ಹಾಗೆ ಗಡಗಡ ತಿರುಗುತ್ತಿತ್ತು.

ವರ್ಕ್‌ಶಾಪಿನಲ್ಲಿ ಎಲ್ಲರೂ ಡಿಸೈನ್ ವಿಭಾಗದಲ್ಲೇ ಕಾಯುತ್ತಿದ್ದರು. ಕಾಕಾ ಯಾರ ಮುಖವನ್ನೂ ನೋಡದೆ ಚಪ್ಪಲಿ ಬಿಟ್ಟು, ಕಂಪ್ಯೂಟರಿನ ಮಾಲೆ ತೆಗೆದು, ಕೈ ಮುಗಿದು, ಒಂದು ಬೆರಳಿನಲ್ಲಿ ಪಾಸ್‌ವರ್ಡ್ ಒತ್ತಿದರು. ಪಿನಿಯನ್ನಿನ ಡ್ರಾಯಿಂಗ್ ಪರದೆಯ ಮೇಲೆ ಬಂತು. ತೊಂಬತ್ತಿದ್ದಲ್ಲಿ ಎಂಬತ್ತೆಂಟು.

"ಇದೇನ್ರಿ? ನಾವು ತೂತು ಸಣ್ಣ ಮಾಡ್ರಿ ಅಂದಿಲ್ಲ" ಎಂದರು ಸಕ್ಕರೆ ಕಾರ್ಖಾನೆಯ ಇಂಜಿನಿಯರ್.

"ನಿಮ್ಮ ಶಾಫ್ಟ್ ಒಮ್ಮೆ ಅಳತಿ ಮಾಡಸ್ರಿ ಸಾಹೇಬ್ರ" ಎಂದರು ಕಾಕಾ.

ಇಂಜಿನಿಯರ್ ತಮ್ಮ ಕಾರ್ಖಾನೆಗೆ ಫೋನ್ ಹಚ್ಚಿ, ಶಾಫ್ಟ್ ಅಳೆಯಲು ಹೇಳಿ, ರಿಸೀವರ್ ಕಿವಿಗೆ ಹಿಡಿದೇ ನಿಂತರು. ಮಾಲಕರು ನಿಂತರು, ಲೇಥಿನವನು ನಿಂತ, ನಾನು ಮೇಜು ಹಿಡಿದು ನಿಂತೆ. ಕಾಕಾ ಮಾತ್ರ ಉದುರಿದ ಚೆಂಡುಹೂವಿನ ಎಸಳು ಆರಿಸುತ್ತಿದ್ದರು. ಬಹಳ ಹೊತ್ತಾದ ಮೇಲೆ ಇಂಜಿನಿಯರ್ ಬಾಯಿಂದ ಒಂದೇ ಮಾತು ಬಂತು.

"ಎಂಬತ್ತೆಂಟು."

ಕೋಲಿಯಲ್ಲಿ ಆದ ಗದ್ದಲ ಕೇಳಬೇಕಿತ್ತು ನೀವು! ಲೇಥಿನವನು ಕಾಕಾನ ಕಾಲಿಗೇ ಬಿದ್ದ. ಒಂದು ದಿನದ ಅವನ ದುಡಿಮೆ ಮಣ್ಣು ಪಾಲಾಗುವುದು ತಪ್ಪಿತ್ತು. ಸ್ವಲ್ಪ ತಣ್ಣಗಾದ ಮೇಲೆ ಮಾಲಕರು ಬಗ್ಗಿ ಪರದೆ ನೋಡುತ್ತ, "ಮೊದಲ ತೊಂಬತ್ತ ಅಂತ ತಪ್ಪ ತಗದಾವ್ರು ಯಾರು?" ಎಂದು ಕೇಳಿದರು.

ಪ್ರತಿ ಡ್ರಾಯಿಂಗಿನ ಕೆಳಗಿನ ಮೂಲೆಯಲ್ಲಿ ತೆಗೆದವರ ಹೆಸರು ಇರುತ್ತದೆ. ಅಲ್ಲಿ ನನ್ನ ಹೆಸರಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಪರದೆಯ ಆ ಮೂಲೆಯ ಮೇಲೆ ಅಂಗೈ ಊರಿ, ಒರಗಿಕೊಂಡವರ ಹಾಗೆ ನಿಂತುಬಿಟ್ಟರು.

"ಪೆನ್ಸಿಲ್ ಮಾಸಿತ್ರಿ ಸಾಹೇಬ್ರ. ನಾ ಮೊದಲ ಹೇಳಬೇಕಾಗಿತ್ತು. ತಪ್ಪ ನಂದು."

ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬ ಹೊತ್ತಿನಲ್ಲಿ, ಗೆದ್ದು ನಿಂತ ಕೈಯಿಂದಲೇ ನನ್ನ ಹೆಸರು ಮುಚ್ಚಿದ್ದರು. ನನಗೆ ತಡೆಯಲಾಗಲಿಲ್ಲ. "ಇಲ್ರಿ ಸಾಹೇಬ್ರ, ನಾನ ತಗದದ್ದು. ಕಲಿ ಅಂದ್ಕೊಂಡು ಬಿಟ್ಟಿದ್ದೆ" ಅಂದೆ.

ಮಾಲಕರು ನಮ್ಮಿಬ್ಬರನ್ನೂ ನೋಡಿದರು. "ಆ ಕೈ ತಗೀರಿ ಮೊದಲ. ಪರದಿಗೆ ವಿಭೂತಿ ಹತ್ತೈತಿ" ಅಂದರು. ಆಮೇಲೆ, "ಕೋಲಿ ಎಲ್ಲೂ ಹೋಗೂದಿಲ್ಲ. ಕಾಗದದ್ದೂ ಕಂಪ್ಯೂಟರದ್ದೂ ಎರಡೂ ನೀವ ನೋಡ್ರಿ. ಮುಂದಿನ ವರ್ಷ ಪೂಜಾಕ ಮಾತ್ರ ಒಂದ ಫೈಲ ಹೊರಗ ತಗೀರಿ. ಉಳದದ್ದಕ್ಕ ದೇವಿ ತಿಳಕೋತಾಳ" ಎಂದರು. ಅವತ್ತು ಸಂಜೆ ಪಿನಿಯನ್ ಜೀಪಿನಲ್ಲಿ ಹೋಯಿತು. ಕಾಕಾ ಸಾವಿರದಿನ್ನೂರು ಫೈಲುಗಳನ್ನೂ ಒಂದೊಂದಾಗಿ ಒಳಗಿಟ್ಟರು. ಎಲ್ಲವನ್ನೂ ಒಟ್ಟಿಗೆ ಇಡುವ ಗುಂಡಿ ತೋರಿಸಿದೆ. "ಎಸದಂಗ ಇಡಬಾರದು ತಂಗಿ" ಅಂದರು. ಮನೆಗೆ ಬಂದು ಅವತ್ತು ಆರು ರೊಟ್ಟಿ ಉಂಡರು!

ಮರುವರ್ಷ ನನ್ನ ಲಗ್ನ ಕಿತ್ತೂರಿನ ಒಂದು ಮನೆತನದ ವರನೊಂದಿಗೆ ಆಯಿತು. ಬೀಳ್ಕೊಡುವ ಹೊತ್ತಿಗೆ ಅವ್ವ ಅತ್ತಳು, ಅಪ್ಪ ಕಂಬದ ಮರೆಗೆ ಹೋಗಿ ಅತ್ತರು, ಮೊಸರಿನ ಅತ್ತಿಯೂ ಅತ್ತರು. ಕಾಕಾ ಅಳಲಿಲ್ಲ. ಬಾಗಿಲ ಪಕ್ಕದ ಗೂಟದಿಂದ ಆ ಪುಸ್ತಕ ಬಿಚ್ಚಿಕೊಂಡು ಬಂದು ನನ್ನ ಗಂಡನ ಮುಂದೆ ಹಿಡಿದು, "ಸಹಿ ಮಾಡ್ರಿ" ಅಂದರು. ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಅಳುವಿನ ನಡುವೆ ನನಗೂ ನಗೆ ಬಂತು. ನಮ್ಮ ಯಜಮಾನರು ಪಾಪ, ಇದೂ ಈ ಮನೆಯ ಪದ್ಧತಿ ಇರಬೇಕೆಂದು ಓದದೆಯೇ ಸಹಿ ಹಾಕಿದರು.

ಆ ವರ್ಷ ನಾಗರ ಪಂಚಮಿಗೆ ಕಾಕಾ ತಾವೇ ಕಿತ್ತೂರಿಗೆ ಬಂದು ನನ್ನನ್ನು ಕರೆದುಕೊಂಡು ಹೋದರು. ತವರಿನ ಪಡಸಾಲೆಗೆ ಕಾಲಿಟ್ಟವಳೇ ಗೂಟದ ಪುಸ್ತಕ ತೆಗೆದು ನೋಡಿದೆ. ಸ್ಕೇಲಿಗೂ ನಿಚ್ಚಣಿಕೆಗೂ ಹೆಪ್ಪಿಗೂ ತಾರೀಖು ಬಿಡದ ಮನುಷ್ಯ, "ಎಂದು ತರುತ್ತಾರೆ" ಎಂಬಲ್ಲಿ ಆ ಒಂದು ಸಾಲಿಗೆ ಮಾತ್ರ ತಾರೀಖು ಬರೆದಿರಲಿಲ್ಲ. ಅವರ ದುಂಡಗಿನ ಅಕ್ಷರ ಹೀಗಿತ್ತು:

"ನಮ್ಮ ತಂಗಿ. ಒಯ್ದವರು: ಕಿತ್ತೂರಿನವರು. ಒಯ್ಯುವಾಗ ಹೇಗಿತ್ತು: ಬಹಳ ಚಲೋ. ಎಂದು ತರುತ್ತಾರೆ: ಆಕಿಗೆ ಬರಬೇಕು ಅನಿಸಿದಾಗ. ಷರಾ: ತಿದ್ದುವ ಅಧಿಕಾರ ಯಾರಿಗೂ ಇಲ್ಲ."

ಅದರ ಕೆಳಗೆ ನನ್ನ ಗಂಡನ ಸಹಿ ಇತ್ತು.